ಹದಿನಾಲ್ಕನೇ ಪ್ಯಾರಾದ ನುರಿತ ಸಿಬ್ಬಂದಿ

ವಿದ್ಯುತ್ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರ್ ಸಾಹೇಬರಿಗೆ,

ಮಾನ್ಯರೇ,

ನಗರದ ವಿದ್ಯುತ್ ಪೂರೈಕೆಯ ಬಗ್ಗೆ ನಾವು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಉತ್ತರವಾಗಿ ತಾವು ಹೈಕೋರ್ಟಿಗೆ ಆಕ್ಷೇಪಣೆ ಸಲ್ಲಿಸಿದ್ದೀರಿ. ಅದರ ಹದಿನಾಲ್ಕನೇ ಪ್ಯಾರಾದಲ್ಲಿ ಎರಡು ವಾಕ್ಯಗಳಿವೆ, ಎರಡೂ ಸುಳ್ಳು. ಮೊದಲನೆಯದು: ‘ಗಾಳಿಮಳೆಯ ನಂತರ ನುರಿತ ಸಿಬ್ಬಂದಿಯಿಂದ ಮಾರ್ಗವನ್ನು ಪರಿಶೀಲಿಸಿ, ಸುಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ವಿದ್ಯುತ್ ಪೂರೈಕೆಯನ್ನು ಪುನರಾರಂಭಿಸಲಾಗಿದೆ.’ ಎರಡನೆಯದು: ‘ಮೃತ ಮಹಿಳೆಯು ಸ್ವಯಂ ನಿರ್ಲಕ್ಷ್ಯದಿಂದ ಸಾವಿಗೀಡಾಗಿರುತ್ತಾರೆ.’ ಮೊದಲ ವಾಕ್ಯ ಸುಳ್ಳೆಂದು ಇವನು ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತಾನೆ ಎಂದು ತಮಗೆ ಅನ್ನಿಸಬಹುದು. ಆ ನುರಿತ ಸಿಬ್ಬಂದಿ ನಾನೇ, ಸಾಹೇಬರೇ. ನಾನು ಹಿಟ್ಟಿನ ಗಿರಣಿಯವನು.

ಚಿತ್ರದುರ್ಗದ ಬಾವಿಕಟ್ಟೆ ಬೀದಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ರಾಗಿ, ಜೋಳ, ಗೋಧಿ ಬೀಸುತ್ತಿದ್ದೇನೆ. ಗಿರಣಿಗೆ ಬಂದವರು ಡಬ್ಬಿಯನ್ನು ಸಾಲಿಗಿಟ್ಟು ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಡಬ್ಬಿ ನಿಂತರೆ ಮನುಷ್ಯರೇ ನಿಂತ ಹಾಗೆ, ಯಾರೂ ಅದನ್ನು ಹಿಂದಕ್ಕೆ ತಳ್ಳುವುದಿಲ್ಲ. ಗಿರಣಿ ನಡೆಯುವುದು ತಮ್ಮ ಕರೆಂಟಿನಿಂದ, ಅಂದರೆ ತಮ್ಮ ದಯೆಯಿಂದ. ಪತ್ರಿಕೆಯಲ್ಲಿ ಪ್ರಕಟಿಸಿ ಮಾಡುವ ‘ತುರ್ತು ನಿರ್ವಹಣೆ’ ಒಂದಾದರೆ, ಪ್ರಕಟಿಸದೆ ಮಾಡುವ ನಿರ್ವಹಣೆ ನಾಲ್ಕು. ಗಾಳಿ ಬೀಸಿದರೆ ಹೋಗುತ್ತದೆ, ಮೋಡ ಕವಿದರೆ ಹೋಗುತ್ತದೆ, ಎರಡೂ ಇಲ್ಲದಿದ್ದಾಗ ಅಭ್ಯಾಸಬಲದಿಂದ ಹೋಗುತ್ತದೆ. ಗಿರಣಿಯ ಮೆಟ್ಟಿಲ ಮೇಲೆ ನಿಂತು ತಲೆ ಎತ್ತಿದರೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಕಾಣುತ್ತವೆ. ಹೊಳಲ್ಕೆರೆಗೆ ಹೋಗಿ, ಹೊಸದುರ್ಗಕ್ಕೆ ಹೋಗಿ, ಹಿರಿಯೂರಿಗೆ ಹೋಗಿ, ಎಲ್ಲ ಕಡೆಯೂ ಗುಡ್ಡದ ನೆತ್ತಿಯ ಮೇಲೆ ಅವೇ ತಿರುಗುತ್ತಿರುತ್ತವೆ. ನಮ್ಮ ಗಾಳಿಯಿಂದ ಕರೆಂಟು ಹುಟ್ಟುತ್ತದೆ, ಅದೇ ಗಾಳಿ ಬಂದರೆ ನಮ್ಮ ಬೀದಿಯ ಕರೆಂಟು ಹೋಗುತ್ತದೆ. ಇದರಲ್ಲಿ ಏನೋ ದೊಡ್ಡ ತಾಂತ್ರಿಕ ಕಾರಣ ಇರಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ನನಗೆ ತಿಳಿಯುವುದಿಲ್ಲ.

ತಿಳಿದಿರುವುದು ಒಂದೇ, ಫೋನ್ ಮಾಡುವುದು. ಸಾಲಿನಲ್ಲಿ ಹತ್ತು ಡಬ್ಬಿ ನಿಂತಾಗ ಬೀದಿಯ ಪರವಾಗಿ ತಮ್ಮ ಕಚೇರಿಗೆ ಫೋನ್ ಮಾಡುವ ಕೆಲಸ ನನ್ನದೇ. ಅಲ್ಲಿಂದ ಬರುವ ಪ್ರಶ್ನೆ ನನಗೆ ಬಾಯಿಪಾಠ. ‘ನಿಮ್ ಬೀದಿನಾಗೆ ಲೈನ್ ಸರಿ ಐತೇನ್ರಿ? ತಂತಿಗಿಂತಿ ಬಿದ್ದಿಲ್ಲ ತಾನೆ?’ ನನ್ನ ಉತ್ತರ ಅವರಿಗೂ ಬಾಯಿಪಾಠ. ‘ಏನೂ ಬಿದ್ದಿಲ್ರಿ, ಎಲ್ಲ ಸರಿ ಐತೆ, ಹಾಕ್ರಿ.’ ಆಗ ಅವರು ರಿಜಿಸ್ಟರಿನಲ್ಲಿ ನನ್ನ ಹೆಸರು, ಸಮಯ ಬರೆದುಕೊಂಡು ಸ್ವಿಚ್ ಹಾಕುತ್ತಾರೆ. ಮಾರ್ಗ ಪರಿಶೀಲನೆ ಮುಗಿಯಿತು. ತಮ್ಮ ಇಲಾಖೆಯವರು ಕಂಬ ಹತ್ತುವುದನ್ನು ನಾನು ಕಂಡಿದ್ದೇನೆ, ಸುಳ್ಳು ಹೇಳಲಾರೆ. ಕೈಗೆ ಗ್ಲೌಸ್ ಇಲ್ಲದೆ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಹತ್ತುವ ಗುತ್ತಿಗೆ ನೌಕರರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅರ್ಧ ಊರಿಗೆ ಅವರು ನಾಲ್ಕು ಜನ. ಹಾಗಾಗಿ ತಾವು ಒಂದು ಸುಲಭದ ದಾರಿ ಕಂಡುಕೊಂಡಿರಿ. ನೋಡುವ ಕೆಲಸವನ್ನು ನಮಗೇ ವಹಿಸಿದಿರಿ. ಐಮಂಗಲದಲ್ಲಿ ನನ್ನ ತಂಗಿಯ ಮನೆಯಿದೆ, ಅಲ್ಲಿಯೂ ಫೋನಿನಲ್ಲಿ ಇದೇ ಪ್ರಶ್ನೆಯಂತೆ.

ನೋಡದೆಯೇ ‘ಎಲ್ಲ ಸರಿ ಐತೆ’ ಎನ್ನುವುದನ್ನು ನಾನು ಎಲ್ಲಿ ಕಲಿತೆ ಎಂಬುದನ್ನೂ ಹೇಳಬೇಕು. ಆರು ವರ್ಷದ ಹಿಂದೆ ಒಂದು ಸಲ ನಿಜ ಹೇಳಿದ್ದೆ. ಬೀದಿಯ ತುದಿಯಲ್ಲಿ ತಂತಿ ಕಿತ್ತು ಬಿದ್ದಿತ್ತು. ‘ತಂತಿ ಬಿದ್ದೈತೆ, ಬಂದು ನೋಡ್ರಿ’ ಎಂದೆ. ‘ಬರ್ತಾರೆ ಇರ್ರಿ’ ಎಂದರು. ಬಂದದ್ದು ಎರಡು ದಿನದ ಮೇಲೆ. ಆ ಎರಡು ದಿನ ಬೀದಿಗೆ ಕರೆಂಟಿಲ್ಲ, ಬೋರ್‌ವೆಲ್ ನೀರಿಲ್ಲ, ನನ್ನ ಗಿರಣಿಯಿಲ್ಲ. ಪಕ್ಕದ ವೆಲ್ಡಿಂಗ್ ಶಾಪಿನ ಲಕ್ಷ್ಮೀಕಾಂತ್ ಜನರ ಮುಂದೆಯೇ ನನ್ನನ್ನು ತರಾಟೆಗೆ ತೆಗೆದುಕೊಂಡ. ‘ನಿನಗ್ಯಾಕಪ್ಪ ಬೇಕಿತ್ತು ಈ ಹರಿಶ್ಚಂದ್ರನ ಕೆಲಸ? ಎಲ್ಲ ಸರಿ ಐತೆ ಅಂದಿದ್ರೆ ತಂತಿ ನಾವೇ ಪಕ್ಕಕ್ಕೆ ಎತ್ತಾಕ್ಕಂತಿದ್ವಿ’ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಅಂದು ನನಗೆ ಕಾಣಲಿಲ್ಲ. ಬಿದ್ದ ತಂತಿಯನ್ನು ಕರೆಂಟ್ ಇಲ್ಲದಾಗ ನಾವೇ ಎತ್ತಿ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸುತ್ತಿ, ಕಂಬದ ಬುಡಕ್ಕೆ ಇಡುವುದು ಆಗಲೇ ನಮ್ಮ ಬೀದಿಯ ವಾಡಿಕೆಯಾಗಿತ್ತು. ನಿಜ ಹೇಳಿದವನಿಗೆ ಎರಡು ದಿನ ಕತ್ತಲೆ, ಸುಳ್ಳು ಹೇಳಿದವನಿಗೆ ಐದು ನಿಮಿಷದಲ್ಲಿ ಬೆಳಕು. ಇಂಥ ಶಾಲೆಯನ್ನು ನಡೆಸಿದವರು ತಾವು. ನಾವು ಚೆನ್ನಾಗಿಯೇ ಪಾಸಾದೆವು.

ಈಗ ಆ ದಿನದ ಮಾತು. ಇದನ್ನು ಬರೆಯಲು ನನಗೆ ಹನ್ನೊಂದು ತಿಂಗಳು ಬೇಕಾಯಿತು.

ಕಳೆದ ಮೇ ಹದಿನೇಳು, ಮಧ್ಯಾಹ್ನ ಮೂರೂವರೆ. ಬೀದಿಯ ಧೂಳನ್ನೆಲ್ಲ ಎತ್ತಿಕೊಂಡು ಗಾಳಿ ಬಂತು, ಹಿಂದೆಯೇ ಕಾಲು ಗಂಟೆ ಮಳೆ. ಕರೆಂಟ್ ಹೋಯಿತು. ಸಾಲಿನಲ್ಲಿ ಏಳು ಡಬ್ಬಿಗಳಿದ್ದವು, ಎಂಟನೆಯದನ್ನು ಗಾಳಿ ಏಳುತ್ತಿದ್ದಾಗಲೇ ತಂದು ಇಟ್ಟವಳು ಏಕಾಂತಮ್ಮ. ಅವಳು ಪಕ್ಕದ ಸಂದಿಯಲ್ಲಿದ್ದವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಇನ್ನೂರು ಮಕ್ಕಳಿಗೆ ಬಡಿಸಿ ಬಂದರೂ ಸಂಜೆ ಇನ್ನೊಬ್ಬರ ಮನೆಯ ಹಪ್ಪಳ ಲಟ್ಟಿಸಲು ಕೂರುವ ಹೆಂಗಸು. ರಜೆಯಾದ್ದರಿಂದ ಅಂದು ಮನೆಯಲ್ಲಿದ್ದಳು. ಐದು ಸೇರು ರಾಗಿ ತುಂಬಿದ, ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದ ಡಬ್ಬಿ ಇಟ್ಟು, ‘ಅಣ್ಣ, ಮಾಳಿಗೆ ಮೇಲೆ ಬಟ್ಟೆ ಹಾಕಿದ್ದೆ, ತೆಗ್ದು ಬತ್ತೀನಿ. ನನ್ ಪಾಳಿ ನೋಡ್ಕ’ ಎಂದಳು. ‘ಹೋಗಿ ಬಾರವ್ವ, ನಿನ್ನ ಪಾಳಿ ಎಲ್ಲಿ ಓಡ್ಹೋಗುತ್ತೆ’ ಎಂದೆ. ಇದೇ ನಮ್ಮಿಬ್ಬರ ಕೊನೆಯ ಮಾತು.

ನಾಲ್ಕಕ್ಕೆ ಒಂದು ಸಲ, ನಾಲ್ಕೂ ಹತ್ತಕ್ಕೆ ಒಂದು ಸಲ ಫೋನ್ ಮಾಡಿದೆ. ಮೂರನೆಯ ಸಲ ಸಿಕ್ಕಿದ್ದು ನಾಲ್ಕೂ ಇಪ್ಪತ್ತಕ್ಕೆ. ‘ಯಾರು, ಗಿರಣಿಯೋರಾ? ನಿಮ್ ಕಡೆ ಲೈನ್ ಸರಿ ಐತಾ?’ ನಾನು ಗಲ್ಲೆಯಲ್ಲಿ ಕುಳಿತಿದ್ದೆ. ಎದ್ದು ಹತ್ತು ಹೆಜ್ಜೆ ಹೋಗಿ ಪಕ್ಕದ ಸಂದಿಗೆ ತಲೆ ಹಾಕಿದ್ದರೆ ಸಾಕಿತ್ತು, ತಂತಿ ಅಲ್ಲೇ ದಾರಿಗೆ ಅಡ್ಡಲಾಗಿ ಬಿದ್ದಿತ್ತು. ನಾನು ಏಳಲಿಲ್ಲ. ‘ಎಲ್ಲ ಸರಿ ಐತೆ, ಹಾಕ್ರಿ, ಡಬ್ಬಿ ಸಾಲು ರಸ್ತೆಗೆ ಬಂದೈತೆ’ ಎಂದೆ. ನಗುತ್ತಲೇ ಅಂದೆ, ಸಾಹೇಬರೇ. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಅದೇ ಹೊತ್ತಿಗೆ ಸಂದಿಯಲ್ಲಿ ಏಕಾಂತಮ್ಮ ಬಟ್ಟೆಯ ಗಂಟನ್ನು ಮನೆಯ ಜಗುಲಿಯ ಮೇಲಿಟ್ಟು ಗಿರಣಿಗೆ ವಾಪಸ್ಸು ಬರುತ್ತಿದ್ದಳು. ಎದುರು ಮನೆಯ ಉಚ್ಚಂಗೆಮ್ಮ ಬಾಗಿಲಲ್ಲೇ ಕುಳಿತು ಎಲ್ಲವನ್ನೂ ನೋಡಿದ್ದಾಳೆ, ಕೇಳಿದವರಿಗೆಲ್ಲ ಹೇಳಿದ್ದಾಳೆ. ತಮ್ಮ ಕಚೇರಿಯವರು ಮಾತ್ರ ಕೇಳಲಿಲ್ಲ. ‘ಹಂಗೇ ದಾಟ್ಕಂಡ್ ಹೋಗೇ’ ಎಂದಳಂತೆ ಉಚ್ಚಂಗೆಮ್ಮ. ‘ಮಕ್ಕಳು ಮರಿ ಓಡಾಡ್ತಾವೆ, ತೊಡರಿ ಬಿದ್ದಾವು. ಕರೆಂಟ್ ಇಲ್ಲಲ್ಲ, ಪಕ್ಕಕ್ಕೆ ಹಾಕ್ತೀನಿ ತಡಿ’ ಎಂದು ಏಕಾಂತಮ್ಮ ಬಗ್ಗಿದಳು. ಕರೆಂಟ್ ಬಂತು.

ಕರೆಂಟ್ ಬಂದಾಗ ನಮ್ಮ ಬೀದಿಯಲ್ಲಿ ಎಲ್ಲರೂ ‘ಬಂತೂ’ ಎಂದು ಒಟ್ಟಿಗೆ ಕೂಗುತ್ತಿದ್ದರು. ಮಕ್ಕಳು, ದೊಡ್ಡವರು, ಮಹಡಿಯ ಮೇಲಿನ ಬಾಡಿಗೆಯವರು, ಎಲ್ಲರೂ. ಅಂದೂ ಕೂಗಿದರು. ನಾನೂ ಕೂಗಿ ಸ್ವಿಚ್ ಎಳೆದೆ. ಗಿರಣಿ ಹೊರಟಿತು. ಗಿರಣಿಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಸಂದಿಯಲ್ಲಿ ಉಚ್ಚಂಗೆಮ್ಮ ಬಾಯಿ ಬಡಿದುಕೊಂಡದ್ದು ಎಲ್ಲಿಂದ ಕೇಳಿಸಬೇಕು? ಮೊದಲನೆಯ ಡಬ್ಬಿಯ ಜೋಳ ಪೂರ್ತಿ ಬೀಸಿದೆ. ಬೆಚ್ಚಗಿನ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನುಣ್ಣಗಿದೆಯೇ ಎಂದು ನೋಡಿದೆ. ಎರಡನೆಯದನ್ನು ಸುರಿದೆ. ಆಗ ಉಚ್ಚಂಗೆಮ್ಮ ಬಂದು ನನ್ನ ತೋಳು ಹಿಡಿದು ಎಳೆದಳು. ಅವಳ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಗಿರಣಿಯನ್ನು ತಿರುಗಿಸುತ್ತಿದ್ದ ಕರೆಂಟೇ ಮೂವತ್ತು ಹೆಜ್ಜೆ ಆಚೆ ಏಕಾಂತಮ್ಮನನ್ನು ಹಿಡಿದುಕೊಂಡಿತ್ತು.

ಓಡಿದೆ. ಓಡುತ್ತಲೇ ತಮ್ಮ ಕಚೇರಿಗೆ ನಾಲ್ಕನೆಯ ಸಲ ಫೋನ್ ಮಾಡಿದೆ. ಲೈನ್ ಬ್ಯುಸಿ. ಬೇರೆ ಯಾವುದೋ ಬೀದಿಯ ಇನ್ನೊಬ್ಬ ನುರಿತ ಸಿಬ್ಬಂದಿ ‘ಎಲ್ಲ ಸರಿ ಐತೆ’ ಎನ್ನುತ್ತಿದ್ದಿರಬೇಕು. ಕೊನೆಗೆ ಲಕ್ಷ್ಮೀಕಾಂತನೇ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಗೆ ಕೈ ಹಾಕಿ ಫ್ಯೂಸ್ ಕಿತ್ತ. ಆ ಪೆಟ್ಟಿಗೆಗೆ ಬಾಗಿಲು ಹಾಕಿಸಿ ಎಂದು ನಾವು ಮೂರು ವರ್ಷದಲ್ಲಿ ಐದು ಅರ್ಜಿ ಕೊಟ್ಟಿದ್ದೆವು. ತಾವು ಹಾಕಿಸದೇ ಇದ್ದದ್ದು ಅಂದು ಒಂದು ದಿನ ಉಪಯೋಗಕ್ಕೆ ಬಂತು. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಏಕಾಂತಮ್ಮನ ಮುಖದ ಮೇಲೆ ಭಯವಿರಲಿಲ್ಲ, ಏನೋ ಕೆಲಸ ಅರ್ಧಕ್ಕೆ ಬಿಟ್ಟವರ ಮುಖದ ಹಾಗಿತ್ತು.

ಅಂದಿನಿಂದ ನಮ್ಮ ಬೀದಿಯಲ್ಲಿ ಯಾರೂ ‘ಬಂತು’ ಎನ್ನುವುದಿಲ್ಲ. ಕೂಡದು ಎಂದು ಯಾರೂ ಹೇಳಿದ್ದಲ್ಲ, ತಾನಾಗಿ ನಿಂತುಹೋಯಿತು. ಕರೆಂಟ್ ಬರುತ್ತದೆ, ಫ್ಯಾನುಗಳು ತಿರುಗುತ್ತವೆ, ಟಿವಿಗಳು ಮಾತಾಡುತ್ತವೆ, ಮನುಷ್ಯರು ಸುಮ್ಮನಿರುತ್ತಾರೆ. ಹೋದ ತಿಂಗಳು ಮೂಲೆಮನೆಗೆ ಹೊಸದಾಗಿ ಬಾಡಿಗೆಗೆ ಬಂದವರ ಮಗು ‘ಬಂತೂ’ ಎಂದು ಕೂಗಿತು. ಬೀದಿಯಲ್ಲಿ ನಿಂತವರೆಲ್ಲ ತಿರುಗಿ ಸಂದಿಯ ಕಡೆಗೆ ನೋಡಿದರು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಈಗ ಕರೆಂಟ್ ಬಂದ ಕೂಡಲೇ ನಾನು ಗಿರಣಿ ಹೊರಡಿಸುವುದಿಲ್ಲ. ಮೊದಲು ಸಂದಿಗೆ ಹೋಗಿ, ಕೊನೆಯ ಕಂಬದವರೆಗೂ ಕತ್ತೆತ್ತಿ ನೋಡಿಕೊಂಡು ವಾಪಸ್ಸು ಬಂದು, ಆಮೇಲೆ ಸ್ವಿಚ್ ಎಳೆಯುತ್ತೇನೆ. ‘ಏನ್ ಮರುಳಸಿದ್ದಪ್ಪ, ಡ್ಯೂಟಿಗೆ ಹೋಗಿದ್ದೇನಪ್ಪ?’ ಎಂದು ಹೊಸಬರು ಯಾರೋ ತಮಾಷೆ ಮಾಡಿದರು. ಹೌದು, ಡ್ಯೂಟಿಯೇ. ಹನ್ನೊಂದು ತಿಂಗಳು ತಡವಾಗಿ ಮಾಡುತ್ತಿರುವ ಡ್ಯೂಟಿ. ಗಿರಣಿ ತಿರುಗುತ್ತಿರುವಾಗ ಯಾರೋ ಕರೆದ ಹಾಗಾಗಿ ದಿನಕ್ಕೆ ಎಷ್ಟೋ ಸಲ ಆಫ್ ಮಾಡಿ ಕಿವಿಗೊಡುತ್ತೇನೆ. ಯಾರೂ ಕರೆದಿರುವುದಿಲ್ಲ.

ಏಕಾಂತಮ್ಮನಿಗೆ ಒಬ್ಬಳೇ ಮಗಳು, ರಮ್ಯಾ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ನನ್ನನ್ನು ಮಾವ ಎನ್ನುತ್ತಾಳೆ. ಅರ್ಜಿದಾರರಲ್ಲಿ ಅವಳೂ ಒಬ್ಬಳು, ನಾನೂ ಒಬ್ಬ. ತಮ್ಮ ಆಕ್ಷೇಪಣೆಯ ಪ್ರತಿ ಬಂದ ದಿನ ಅದನ್ನು ಹಿಡಿದುಕೊಂಡು ಗಿರಣಿಗೆ ಬಂದಳು. ‘ಮಾವ, ಸ್ವಯಂ ನಿರ್ಲಕ್ಷ್ಯ ಅಂದ್ರೆ ಏನು? ನಮ್ಮವ್ವಂಗೆ ಬುದ್ಧಿ ಇರ್ಲಿಲ್ಲ ಅಂತಾನಾ?’ ಎಂದು ಕೇಳಿದಳು. ‘ದಿನಾ ಇನ್ನೂರು ಮಕ್ಕಳಿಗೆ ಬಿಸಿ ಸಾರು ಬಡಿಸ್ತಿದ್ಲು ಮಾವ. ಒಂದು ಮಗೀನ ಕೈ ಸುಟ್ಟಿಲ್ಲ. ಅವಳು ನಿರ್ಲಕ್ಷ್ಯದೋಳಾ?’ ಎಂದು ಮತ್ತೆ ಕೇಳಿದಳು. ಆಗಲೇ ಹೇಳಬೇಕಿತ್ತು. ‘ನೀರು ಕುಡಿ ತಾಯಿ’ ಎಂದೆ. ನನ್ನಂಥ ಹೇಡಿ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂದು ಅಂದು ಗೊತ್ತಾಯಿತು.

ನಿರ್ಲಕ್ಷ್ಯ ಯಾವುದು, ಸಾಹೇಬರೇ? ದಾರಿಯಲ್ಲಿ ಬಿದ್ದದ್ದನ್ನು ಇನ್ನೊಬ್ಬರಿಗೆ ತೊಡರಬಾರದೆಂದು ಎತ್ತಿಡಲು ಹೋದದ್ದೇ? ಇಡೀ ನಗರದಲ್ಲಿ ಅಂದು ಬಿದ್ದ ತಂತಿಯ ಬಗ್ಗೆ ಲಕ್ಷ್ಯ ವಹಿಸಿದ ಒಂದೇ ಜೀವ ಅದು. ತಮ್ಮ ಸಿಬ್ಬಂದಿ ನೋಡಲಿಲ್ಲ, ನಾನು ನೋಡಲಿಲ್ಲ, ಅವಳು ನೋಡಿದಳು. ಕರೆಂಟ್ ಇಲ್ಲ ಎಂದು ಅವಳು ನಂಬಿದ್ದು ತಪ್ಪೇ? ಕರೆಂಟ್ ಇಲ್ಲದಿರುವುದೊಂದೇ ತಮ್ಮ ಕಚೇರಿಯ ಕಡೆಯಿಂದ ನಮಗೆ ತಪ್ಪದೆ ಸಿಗುತ್ತಿದ್ದ ಸೇವೆ. ಅದನ್ನೂ ನಂಬಬಾರದು ಎಂದು ತಾವು ಯಾವ ಪತ್ರಿಕೆಯಲ್ಲಿ ಪ್ರಕಟಿಸಿದ್ದಿರಿ?

ರಿಜಿಸ್ಟರಿನ ವಿಷಯಕ್ಕೆ ಬರುತ್ತೇನೆ. ಆ ದಿನದ ದೂರು ಪುಸ್ತಕ ಕೊಡಿ ಎಂದು ನಮ್ಮ ವಕೀಲರಾದ ಶಾಲಿನಿ ಮೇಡಂ ಕೇಳಿದಾಗ, ಮಳೆನೀರು ಸೋರಿ ಹಾಳಾಗಿದೆ ಎಂದು ಬರೆದುಕೊಟ್ಟಿರಿ. ಹಿಂದಿನ ವರ್ಷದ ಪುಸ್ತಕ ಹಾಳಾಗಿಲ್ಲ, ಮುಂದಿನ ತಿಂಗಳಿನದೂ ಹಾಳಾಗಿಲ್ಲ. ಬಹಳ ನುರಿತ ಮಳೆ ಅದು. ತಮ್ಮವರೇ ಒಬ್ಬರು, ಹೆಸರು ಹೇಳಲಾರೆ, ಗೋಧಿ ಬೀಸಿಸಲು ಬಂದಾಗ ದನಿ ತಗ್ಗಿಸಿ, ‘ಪುಸ್ತಕ ಎಲ್ಲೂ ಹೋಗಿಲ್ಲ ಅಣ್ಣ, ಬೀರುನಾಗೇ ಐತೆ. ನಿನ್ನ ಹೆಸರು ಐತಲ್ಲ ಅದ್ರಾಗೆ, ಸುಮ್ನಿರು, ನಿನಗೂ ಒಳ್ಳೇದೇ’ ಎಂದರು. ಅಂದರೆ ತಾವು ನನ್ನನ್ನೂ ಕಾಪಾಡುತ್ತಿದ್ದೀರಿ. ಆ ಪುಟ ಹೊರಗೆ ಬಂದರೆ, ತಾವು ಲೈನ್ ಪರಿಶೀಲಿಸುವುದು ಗಿರಣಿಯವನ ಬಾಯಿಂದ ಎಂಬುದು ನ್ಯಾಯಾಲಯಕ್ಕೆ ತಿಳಿಯುತ್ತದೆ. ನಾನು ನೋಡದೆಯೇ ಹೇಳಿದ್ದೂ ತಿಳಿಯುತ್ತದೆ. ನಾವಿಬ್ಬರೂ ಒಂದೇ ಬೀರುವಿನಲ್ಲಿ ಬೆಚ್ಚಗಿದ್ದೇವೆ. ಹೊರಗೆ ಉಳಿದವಳು ಅವಳೊಬ್ಬಳೇ, ಅದಕ್ಕೇ ತಪ್ಪೆಲ್ಲ ಅವಳ ತಲೆಗೆ ಕಟ್ಟಿದ್ದು ಸುಲಭವಾಯಿತು.

ಈ ಪತ್ರ ಬರೆಯುತ್ತೇನೆ ಎಂದಾಗ ಶಾಲಿನಿ ಮೇಡಂ ಬೇಡ ಎಂದರು. ‘ನಮ್ಮ ಅರ್ಜಿಗೂ ಪೆಟ್ಟು ಬೀಳಬಹುದು, ನಿಮ್ಮ ಮೇಲೂ ಕೇಸ್ ಆಗಬಹುದು, ಯೋಚನೆ ಮಾಡ್ರಿ’ ಎಂದರು. ಯೋಚನೆ ಮಾಡಿದೆ. ಕೇಸ್ ಆದರೆ ಆಗಲಿ. ಯಾರಾದರೂ ಒಬ್ಬರು ನನ್ನನ್ನು ಎದುರಿಗೆ ನಿಲ್ಲಿಸಿ ‘ನೀನು ಎದ್ದು ಹೋಗಿ ನೋಡಿದೆಯಾ?’ ಎಂದು ಕೇಳಲಿ ಎಂದು ಹನ್ನೊಂದು ತಿಂಗಳಿಂದ ಕಾಯುತ್ತಿದ್ದೇನೆ.

ಕೇಳಿದ್ದು ರಮ್ಯಾ. ಹೋದ ಭಾನುವಾರ ಅವಳನ್ನು ಗಿರಣಿಗೆ ಕರೆದು, ಕೂರಿಸಿ, ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದೆ. ಅವಳು ಅಳಲಿಲ್ಲ. ‘ಮಾವ, ನೀವು ಆವತ್ತು ಎದ್ದು ನೋಡಿ, ತಂತಿ ಬಿದ್ದೈತೆ ಅಂದಿದ್ರೆ ಏನಾಗ್ತಿತ್ತು?’ ಎಂದಳು.

‘ಎರಡು ದಿನ ಕರೆಂಟ್ ಬರ್ತಿರ್ಲಿಲ್ಲ ತಾಯಿ.’

‘ಎರಡು ದಿನ’ ಎಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗುವಾಗ ಸಾಲಿನ ಮುಂದಿದ್ದ ಕೆಂಪು ದಾರದ ಡಬ್ಬಿಯ ಮುಂದೆ ನಿಂತಳು. ಅವಳ ಅವ್ವನ ಡಬ್ಬಿ. ಅಂದಿನಿಂದ ಅದು ಅಲ್ಲೇ ಇದೆ. ಬಂದವರೆಲ್ಲ ತಮ್ಮ ಡಬ್ಬಿಗಳನ್ನು ಅದರ ಹಿಂದೆಯೇ ಇಡುತ್ತಾರೆ, ಯಾರೂ ದಾಟಿಸಿ ಇಟ್ಟಿಲ್ಲ. ಒಳಗಿನ ರಾಗಿ ಕೆಟ್ಟಿಲ್ಲ, ಆಗಾಗ ಬಿಸಿಲಿಗೆ ಹರವಿ ಮತ್ತೆ ತುಂಬಿಡುತ್ತೇನೆ. ‘ಬೀಸಿಕೊಡಲೇನಮ್ಮ?’ ಎಂದೆ. ‘ಈಗ ಬ್ಯಾಡ ಮಾವ. ಅವ್ವನ ಮೇಲೆ ಬರೆದಿರೋ ಆ ಸಾಲು ತೆಗೀಲಿ ಅವ್ರು. ಆಮೇಲೆ ಬೀಸಿಕೊಡ್ರಿ’ ಎಂದಳು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ದೊಡ್ಡದೇನಲ್ಲ. ತಂತಿ ಬಿಗಿ ಮಾಡಿ, ಪೆಟ್ಟಿಗೆಗೆ ಬಾಗಿಲು ಹಾಕಿಸಿ, ಮನುಷ್ಯರನ್ನು ಕಳಿಸಿ ನೋಡಿದ ಮೇಲೆಯೇ ಕರೆಂಟ್ ಕೊಡಿ ಎಂದೆಲ್ಲ ನಮ್ಮ ಅರ್ಜಿಯಲ್ಲಿದೆ, ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನಾನು ಕೇಳುವುದು ಬೀರುವಿನ ಬೀಗ ತೆಗೆಯಿರಿ ಎಂದಷ್ಟೇ. ಮುಂದಿನ ವಿಚಾರಣೆಗೆ ಮೇ ಹದಿನೇಳರ ಆ ಪುಟವನ್ನು ತನ್ನಿ. ನಾಲ್ಕೂ ಇಪ್ಪತ್ತರ ಎದುರು ನನ್ನ ಹೆಸರಿದೆ, ಅದು ನನ್ನದೇ ಎಂದು ಅಲ್ಲಿ ನಿಂತು ಒಪ್ಪಿಕೊಳ್ಳುತ್ತೇನೆ. ಆ ಹೆಸರಿನ ಮಾತು ನಂಬಿ ಸ್ವಿಚ್ ಹಾಕಿಸುವ ಪದ್ಧತಿ ತಮ್ಮದು ಎಂದು ತಾವೂ ಒಪ್ಪಿಕೊಳ್ಳಿ. ಹದಿನಾಲ್ಕನೇ ಪ್ಯಾರಾದಿಂದ ಏಕಾಂತಮ್ಮನ ಮೇಲಿನ ಆ ಸಾಲನ್ನು ಹೊಡೆದುಹಾಕಿ. ‘ನನ್ ಪಾಳಿ ನೋಡ್ಕ’ ಎಂದು ಹೇಳಿ ಹೋದವಳು ಅವಳು. ಹನ್ನೊಂದು ತಿಂಗಳಾದರೂ ಅವಳ ಪಾಳಿ ಬಂದಿಲ್ಲ.

ಇಂತಿ,
ತಮ್ಮ ಕಚೇರಿಯ ನೇಮಕಾತಿ ಪತ್ರವಿಲ್ಲದ, ಎದ್ದು ನೋಡದ ನುರಿತ ಸಿಬ್ಬಂದಿ,
ಮರುಳಸಿದ್ದಪ್ಪ
ಹಿಟ್ಟಿನ ಗಿರಣಿ, ಬಾವಿಕಟ್ಟೆ ಬೀದಿ, ಚಿತ್ರದುರ್ಗ